ಶ್ರವಣದ ಸಮತೋಲ

ಪಂಚೇಂದ್ರಿಯಗಳಲ್ಲಿ ಕಿವಿಗೊಂದು ವಿಶೇಷವಿದೆ. ಕಣ್ಣಿಗೆ ರೆಪ್ಪೆಯುಂಟು, ಬಾಯಿಗೆ ತುಟಿಯುಂಟು. ಕಿವಿಗೆ ಮಾತ್ರ ಕದವಿಲ್ಲ. ಬಂದುದನ್ನೆಲ್ಲ ಅದು ಬರಮಾಡಿಕೊಳ್ಳಲೇಬೇಕು. ಆದುದರಿಂದಲೇ ಅದರೊಳಗೆ ಏನನ್ನು, ಎಷ್ಟು ಪ್ರಮಾಣದಲ್ಲಿ ಬಿಡಬೇಕೆಂಬ ವಿವೇಕ ಕೇಳುವವನಿಗೇ ಸೇರಿದ್ದು. ಹಿಂದೆ ಸಂಗೀತ ಕೇಳಬೇಕಾದರೆ ಬೈಠಕ್ಕಿಗೆ ಹೋಗಬೇಕಾಗಿತ್ತು. ಬಳಿಕ ಗ್ರಾಮೊಫೋನು, ರೇಡಿಯೋಗಳು ಮನೆಗೆ ಬಂದವು. ಇಂದು ಅಂಗೈಯಲ್ಲಿರುವ ಮೊಬೈಲಿನಿಂದ ಹೊರಟ ನಾದವು ಹೆಡ್‌ಫೋನಿನ ಮೂಲಕ ನೇರವಾಗಿ ಕರ್ಣನಾಳವನ್ನೇ ಪ್ರವೇಶಿಸುತ್ತದೆ. ಹಾಡಿಗೂ ಕಿವಿಗೂ ಇದ್ದ ಅಂತರ ಕಡಮೆಯಾದಷ್ಟೂ ಈ ವಿವೇಕದ ಅವಶ್ಯಕತೆ ಹೆಚ್ಚಿದೆ.

ಧಾರವಾಡದ ನಿವೃತ್ತ ಅಧ್ಯಾಪಕರೊಬ್ಬರ ಮನೆಯಲ್ಲಿ ಈ ಸಮಸ್ಯೆ ಎರಡು ರೂಪಗಳಲ್ಲಿ ತಲೆದೋರಿತು. ಎಪ್ಪತ್ತು ದಾಟಿದ ಅವರಿಗೆ ಮಲ್ಲಿಕಾರ್ಜುನ ಮನಸೂರರ ಖ್ಯಾಲು ಮತ್ತು ವಚನಗಾಯನವೆಂದರೆ ಪಂಚಪ್ರಾಣ. ಆದರೆ ಹೆಡ್‌ಫೋನಿನಲ್ಲಿ ದನಿ ಕೇಳಿಸಿದರೂ ನುಡಿ ಸ್ಪಷ್ಟವಾಗುತ್ತಿರಲಿಲ್ಲ. ಅವರು ದನಿಯನ್ನು ಏರಿಸುತ್ತ ಹೋದರು. ಹದಿನಾರರ ಮೊಮ್ಮಗನಿಗೆ ಚಲನಚಿತ್ರಗೀತೆಗಳ ತಾಳದ ಗುಡುಗು ಸಾಲದೆನಿಸುತ್ತಿತ್ತು; ಅವನೂ ದನಿಯನ್ನೇ ಏರಿಸಿದ. ಒಬ್ಬರ ಕೊರತೆ ಮೇಲಿನ ನಾದಗಳಲ್ಲಿ, ಮತ್ತೊಬ್ಬನದು ಕೆಳಗಿನ ನಾದಗಳಲ್ಲಿ. ಇಬ್ಬರೂ ಹಿಡಿದ ಉಪಾಯ ಮಾತ್ರ ಒಂದೇ. ಆ ಉಪಾಯದಲ್ಲಿಯೇ ಅಪಾಯವಿತ್ತು.

ಆರೋಗ್ಯವಂತ ಎಳೆಯ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ನಾದವನ್ನು, ಎಂದರೆ 20ರಿಂದ 20,000 ಹರ್ಟ್ಜ್‌ವರೆಗಿನದನ್ನು ಗ್ರಹಿಸಬಲ್ಲದು. ವಯಸ್ಸಾದಂತೆ ಮೊದಲು ಕುಗ್ಗುವುದು ಮೇಲಿನ ತುದಿ. ಮಾತಿನಲ್ಲಿ ಸ್ವರಾಕ್ಷರಗಳ ಬಲ ಬಹುಮಟ್ಟಿಗೆ ಕೆಳಗಿನ ಕಂಪನಗಳಲ್ಲಿದ್ದರೆ, ತ, ಕ, ಸ, ಶ ಮೊದಲಾದ ವ್ಯಂಜನಗಳ ಗುರುತು 2,000 ಹರ್ಟ್ಜ್‌ನ ಮೇಲೆ ಇರುತ್ತದೆ. ವೃದ್ಧರು "ಕೇಳಿಸುತ್ತದೆ, ತಿಳಿಯುವುದಿಲ್ಲ" ಎನ್ನುವುದಕ್ಕೆ ಇದೇ ಕಾರಣ. ಇನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿ ಪ್ರಕಟಿಸಿದ ಅಧ್ಯಯನವು ಎಲ್ಲ ಕಿವಿಗಳಿಗೂ ಅನ್ವಯಿಸುವ ಮತ್ತೊಂದು ಸಂಗತಿಯನ್ನು ತೋರಿಸಿತು: ದನಿ ಮೆಲ್ಲಗಿದ್ದಾಗ ಮಂದ್ರ ನಾದಗಳು ಉಳಿದವುಗಳಿಗಿಂತ ಹೆಚ್ಚು ಕ್ಷೀಣವಾಗಿ ಕೇಳುತ್ತವೆ. ಮೊಮ್ಮಗನ ಅತೃಪ್ತಿಗೂ ಹೀಗೆ ಶಾಸ್ತ್ರದ ಆಧಾರವಿತ್ತು.

ಈ ಬಗೆಯ ಏರುಪೇರುಗಳನ್ನು ಸರಿದೂಗಿಸಲೆಂದೇ ಹುಟ್ಟಿದ್ದು ಈಕ್ವಲೈಜರ್. ಅದರ ತವರು ಸಂಗೀತವಲ್ಲ, ದೂರವಾಣಿ. ಉದ್ದನೆಯ ತಂತಿಯಲ್ಲಿ ಸಾಗುವಾಗ ಧ್ವನಿಯ ಮೇಲಿನ ಕಂಪನಗಳು ಹೆಚ್ಚು ನಷ್ಟವಾಗುತ್ತಿದ್ದವು. ಅದನ್ನು ಸಮಗೊಳಿಸಿದ ಸಾಧನಕ್ಕೆ ಆ ಹೆಸರು ಬಂತು. ಇಂದು ಅದು ಮೊಬೈಲಿನ ಒಳಗಿನ ಗಣಿತವಾಗಿದೆ. ಹಲವು ಮೊಬೈಲುಗಳಲ್ಲಿ ಧ್ವನಿಯ ಸೆಟ್ಟಿಂಗ್ಸ್ ತೆರೆದರೆ ಅಥವಾ ಹಾಡು ನುಡಿಸುವ ಆ್ಯಪ್‌ನಲ್ಲಿ ಹುಡುಕಿದರೆ ಅದು ದೊರೆಯುತ್ತದೆ. ಐದು ಅಥವಾ ಹತ್ತು ಪಟ್ಟಿಗಳು; ಹತ್ತಿದ್ದರೆ ಸಾಮಾನ್ಯವಾಗಿ 31, 62, 125, 250, 500, 1,000, 2,000, 4,000, 8,000, 16,000 ಹರ್ಟ್ಜ್‌ಗಳಿಗೆ ಒಂದೊಂದು. ದನಿಯ ಗುಂಡಿ ಎಲ್ಲವನ್ನೂ ಒಟ್ಟಿಗೆ ಏರಿಸಿದರೆ ಈಕ್ವಲೈಜರು ಬೇಕಾದುದನ್ನು ಮಾತ್ರ ಮುಟ್ಟುತ್ತದೆ.

ಅಧ್ಯಾಪಕರು ಇದನ್ನು ಕಲಿತದ್ದು ಮೇಷ್ಟ್ರ ಕ್ರಮದಲ್ಲಿಯೇ. ರಾಕ್, ಜಾಝ್ ಎಂಬ ಸಿದ್ಧ ಮಾದರಿಗಳನ್ನು ಬದಿಗಿಟ್ಟು, ಎಲ್ಲ ಪಟ್ಟಿಗಳನ್ನೂ ಸೊನ್ನೆಗೆ ತಂದರು. ಅಕ್ಷರಶಃ ಬಾಯಿಪಾಠವಿದ್ದ ಒಂದೇ ಹಾಡನ್ನು ಆರಿಸಿಕೊಂಡರು. ಅನೇಕ ಅಗ್ಗದ ಹೆಡ್‌ಫೋನುಗಳಲ್ಲಿ ಮಂದ್ರವನ್ನು ಬೇಕೆಂದೇ ಉಬ್ಬಿಸಿರುತ್ತಾರೆ. ಮಂದ್ರಕ್ಕೆ ತನಗಿಂತ ಮೇಲಿನ ನಾದವನ್ನು ಮರೆಮಾಡುವ ಗುಣವುಂಟು. ಅವರು 125 ಮತ್ತು 250ರ ಪಟ್ಟಿಗಳನ್ನು ಮೂರು ಡೆಸಿಬೆಲ್ ಇಳಿಸಿದ ಮಾತ್ರಕ್ಕೆ ಕೊಳದ ಕೆಸರು ತಳಕ್ಕಿಳಿದಂತೆ ಗಾಯಕರ ನುಡಿ ಮೇಲೆ ತೇಲಿತು. ಆಮೇಲೆ 2,000 ಮತ್ತು 4,000ವನ್ನು ಎರಡು ಮೂರು ಡೆಸಿಬೆಲ್‌ಗಳಷ್ಟು ಎತ್ತಿದರು. ವ್ಯಂಜನಗಳಿಗೆ ಅಂಚು ಬಂದಿತು. ಸಕಾರ ಶಕಾರಗಳು ಕಿವಿಗೆ ಚುಚ್ಚುವಂತಿದ್ದರೆ 8,000ದ ಪಟ್ಟಿಯನ್ನು ತುಸು ಇಳಿಸಬೇಕೆಂಬುದೂ ಅನುಭವಕ್ಕೆ ಬಂತು. ಮನಸೂರರು 1930ರ ದಶಕದಲ್ಲಿ ಎಚ್.ಎಂ.ವಿ. ಕಂಪನಿಗೆ ಹಾಡಿದ 78 ಸುತ್ತಿನ ತಟ್ಟೆಗಳಲ್ಲಾದರೋ ಮೇಲಿನ ಪಟ್ಟಿಗಳನ್ನು ಎತ್ತಿದರೆ ಕೇಳುವುದು ಮುಳ್ಳಿನ ಕೆರೆತ ಮಾತ್ರ. ಆ ಕಾಲದ ಮುದ್ರಣದಲ್ಲಿ ಅಷ್ಟು ಎತ್ತರದ ನಾದ ಅತ್ಯಲ್ಪ. ಇಲ್ಲದುದನ್ನು ಯಾವ ಯಂತ್ರವೂ ತಂದುಕೊಡಲಾರದು.

ಮೊಮ್ಮಗನ ವಿಷಯದಲ್ಲಿ ದೋಷವಿದ್ದದ್ದು ಕಿವಿಯಲ್ಲೂ ಅಲ್ಲ, ಯಂತ್ರದಲ್ಲೂ ಅಲ್ಲ. ಹೆಡ್‌ಫೋನಿನ ರಬ್ಬರ್ ಟೋಪಿ ಅವನ ಕಿವಿಗೆ ಸಡಿಲವಾಗಿದ್ದು, ಆ ಸಂದಿಯಲ್ಲಿ ಮಂದ್ರವೆಲ್ಲ ಸೋರಿಹೋಗುತ್ತಿತ್ತು. ಸರಿಯಾದ ಅಳತೆಯದನ್ನು ಹಾಕಿದೊಡನೆ ಅರ್ಧ ಕೊರತೆ ತುಂಬಿತು. ಉಳಿದುದಕ್ಕೆ 62ರ ಪಟ್ಟಿಯನ್ನು ನಾಲ್ಕು ಡೆಸಿಬೆಲ್ ಏರಿಸಿಕೊಂಡ. ಆದರೆ ದೊಡ್ಡ ತಾಳ ಬಂದಾಗ ನಾದ ಒಡೆಯತೊಡಗಿತು. ಡಿಜಿಟಲ್ ಧ್ವನಿಗೆ ಮೀರಲಾಗದ ಮೇಲ್ಮಿತಿಯೊಂದಿದೆ. ಒಂದು ಪಟ್ಟಿಯನ್ನು ನಾಲ್ಕು ಏರಿಸಿದರೆ ಪ್ರೀಆಂಪ್ ಎಂಬ ಒಟ್ಟು ಮಟ್ಟವನ್ನು ಅಷ್ಟೇ ಇಳಿಸಬೇಕು. ಹೋಲಿಸಿ ನೋಡುವಾಗಲೂ ಎರಡೂ ಸಮನಾದ ದನಿಯಲ್ಲಿರಬೇಕು. ಏಕೆಂದರೆ ಹೆಚ್ಚು ಜೋರಾದುದೇ ಹೆಚ್ಚು ಚೆನ್ನಾಗಿದೆಯೆಂದು ಕಿವಿ ಮೋಸಹೋಗುತ್ತದೆ. ಮೊಮ್ಮಗನ ಬೆರಳು ಮತ್ತೆ ದನಿಯ ಗುಂಡಿಯ ಕಡೆಗೆ ಸರಿದಾಗ ಅಜ್ಜ ಹೇಳಿದ್ದಿಷ್ಟೆ: "ಏರಿಸೂದಲ್ಲ ತಮ್ಮಾ, ಮೊದಲು ತಿಳಿ ಮಾಡು."

ಈ ಮಾತು ಕೇವಲ ರಸಿಕತೆಗೆ ಸಂಬಂಧಿಸಿದ್ದಲ್ಲ. ಒಳಗಿವಿಯಲ್ಲಿ ನಾದವನ್ನು ಗ್ರಹಿಸುವ ರೋಮಕೋಶಗಳು ಕಿವಿಯೊಂದಕ್ಕೆ ಸುಮಾರು 15,000 ಮಾತ್ರ; ಮನುಷ್ಯರಲ್ಲಿ ಒಮ್ಮೆ ಸತ್ತವು ಮರಳಿ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 80 ಡೆಸಿಬೆಲ್ ದನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. ದನಿ 90ಕ್ಕೇರಿದರೆ ಆ ಅವಧಿ 4 ಗಂಟೆಗಿಳಿಯುತ್ತದೆ. ಹತ್ತು ಡೆಸಿಬೆಲ್ ಏರಿದಾಗ ಕಿವಿಗೆ ದನಿ ಇಮ್ಮಡಿಯಾದಂತೆ ತೋರುವುದಷ್ಟೆ. ಅದಕ್ಕೆ ತೆರುವ ಬೆಲೆ ಹತ್ತುಮಡಿ. ಈಕ್ವಲೈಜರಿನಿಂದ ಸ್ಪಷ್ಟತೆ ದೊರೆತ ಬಳಿಕ ಇಬ್ಬರೂ ದನಿಯನ್ನು ಮೊದಲಿಗಿಂತ ಕಡಮೆಯಲ್ಲಿಟ್ಟು ಕೇಳುವುದು ಸಾಧ್ಯವಾಯಿತು. ಇದೇ ಆ ಸಾಧನದ ನಿಜವಾದ ಲಾಭ. ಆದರೂ ಅದು ಚಿಕಿತ್ಸೆಯಲ್ಲ. ಎದುರಿಗೆ ಕುಳಿತವರ ಮಾತೂ ಅಸ್ಪಷ್ಟವಾಗತೊಡಗಿದಾಗ ಅಧ್ಯಾಪಕರು ಶ್ರವಣತಜ್ಞರಲ್ಲಿ ಪರೀಕ್ಷೆ ಮಾಡಿಸಿಕೊಂಡು ಶ್ರವಣಸಾಧನವನ್ನು ಧರಿಸಿದರು. ಅದರಲ್ಲಿ ಯಾವ ಸಂಕೋಚವನ್ನೂ ಪಡಲಿಲ್ಲ.

ಶಾಲೆಯ ಮಕ್ಕಳ ಕಿವಿಯಲ್ಲಿ ಇಂದು ಹೆಡ್‌ಫೋನು ಸಾಮಾನ್ಯ ದೃಶ್ಯ. ಅದನ್ನು ಕಿತ್ತುಕೊಳ್ಳುವುದರಿಂದ ಪ್ರಯೋಜನ ಅಲ್ಪ. ಕೇಳುವ ಕ್ರಮವನ್ನು ಕಲಿಸುವುದರಿಂದ ಪ್ರಯೋಜನ ಅಧಿಕ. ವಿಜ್ಞಾನದ ಅಧ್ಯಾಪಕರು ಶಬ್ದದ ಪಾಠದ ಒಂದು ಅವಧಿಯನ್ನು ಈ ಹತ್ತು ಪಟ್ಟಿಗಳಿಗೆ ಮೀಸಲಿಟ್ಟರೆ, ಕಂಪನವೆಂಬುದು ಪುಸ್ತಕದ ವ್ಯಾಖ್ಯೆಯಾಗಿ ಉಳಿಯದೆ ಕಿವಿಯ ಅನುಭವವಾದೀತು. ಮಕ್ಕಳ ಶ್ರವಣಶಕ್ತಿ ಎಪ್ಪತ್ತರ ವಯಸ್ಸಿಗೂ ಒಂದಿಷ್ಟು ಉಳಿದೀತು.