ಮ್ಯಾಪ್ ಇಲ್ಲದೆ ಓಡಾಡಿದ ಊರುಗಳು

2023ರ ಡಿಸೆಂಬರ್‌ನಲ್ಲಿ ಜಿಟಿಎ 6ರ ಮೊದಲ ಟ್ರೇಲರ್ ಬಂದಾಗ ನಾನು, ನನ್ನ ಗೆಳೆಯರು ಅದರಲ್ಲಿ ಮೊದಲು ಹುಡುಕಿದ್ದು ರಸ್ತೆಗಳನ್ನು. ಕಡಲ ದಂಡೆಯ ಉದ್ದಕ್ಕೂ ಹೋಗುವ ಆ ರಸ್ತೆ ಈಗಲೂ ಇದೆಯಾ? ಬಣ್ಣದ ದೀಪಗಳ ಹೋಟೆಲ್ ಸಾಲು? ಚಿಕ್ಕಂದಿನಲ್ಲಿ ಆಡಿದ ವೈಸ್ ಸಿಟಿ ಮತ್ತೆ ಬರ್ತಿದೆ ಅಂದರೆ, ವರ್ಷಗಳ ಮೇಲೆ ಊರಿಗೆ ಹೊರಟವರು ನಮ್ಮ ಬೀದಿ ಹಾಗೇ ಇದೆಯಾ ಅಂತ ವಿಚಾರಿಸಿದ ಹಾಗೆ ಇತ್ತು ನಮ್ಮ ಸ್ಥಿತಿ.

ಇಷ್ಟು ವರ್ಷಗಳಲ್ಲಿ ಗೇಮ್‌ಗಳ ಒಳಗೆ ಹತ್ತಾರು ನಗರಗಳನ್ನು ಸುತ್ತಿದ್ದೀನಿ. ನೆನಪಿನಲ್ಲಿ ಉಳಿದಿರೋದು ಮೂರೋ ನಾಲ್ಕೋ. ಅವೇನೂ ಎಲ್ಲಕ್ಕಿಂತ ದೊಡ್ಡವಲ್ಲ, ಗ್ರಾಫಿಕ್ಸ್‌ನಲ್ಲಿ ಎಲ್ಲಕ್ಕಿಂತ ಚೆಂದವೂ ಅಲ್ಲ. ಆದರೂ ಯಾಕೆ ಉಳಿದವು ಅಂತ ಯೋಚಿಸಿದರೆ ನನಗೆ ಸಿಗೋ ಉತ್ತರ ಇದು: ಅಲ್ಲಿ ನಮ್ಮ ದಾರಿಯನ್ನು ನಾವೇ ಕಲಿಯಬೇಕಿತ್ತು.

2002ರಲ್ಲಿ ಬಂದ ವೈಸ್ ಸಿಟಿಯನ್ನೇ ನೋಡಿ. ಅದು 1986ರ ಮಯಾಮಿಯ ಛಾಯೆ. ಪೂರ್ವಕ್ಕೆ ಬೀಚ್ ಇರುವ ದ್ವೀಪ, ಪಶ್ಚಿಮಕ್ಕೆ ಏರ್‌ಪೋರ್ಟ್ ಮತ್ತು ಬಂದರು ಇರುವ ಇನ್ನೊಂದು ದ್ವೀಪ, ನಡುವೆ ಶ್ರೀಮಂತರ ಬಂಗಲೆಗಳು. ಆಟ ಶುರುವಾದಾಗ ಚಂಡಮಾರುತದ ಎಚ್ಚರಿಕೆ ಅಂತ ಸೇತುವೆಗಳು ಬಂದ್. ಹಾಗಾಗಿ ಮೊದಲು ಬೀಚ್ ಕಡೆಯ ರಸ್ತೆಗಳನ್ನೇ ಸುತ್ತಿ ಸುತ್ತಿ ರೂಢಿ ಮಾಡ್ಕೋಬೇಕು. ಮೂಲೆಯಲ್ಲಿದ್ದ ಪುಟ್ಟ ರೇಡಾರ್ ಗುರಿ ಯಾವ ದಿಕ್ಕಿಗಿದೆ ಅಂತ ತೋರಿಸ್ತಿತ್ತು, ಎಲ್ಲಿ ತಿರುಗಬೇಕು ಅಂತ ಹೇಳ್ತಿರಲಿಲ್ಲ. ಸತ್ತರೆ ಆಸ್ಪತ್ರೆ ಬಾಗಿಲಲ್ಲಿ ಎದ್ದು ನಿಲ್ತಿದ್ವಿ. ಸಿಕ್ಕಿಬಿದ್ದರೆ ಪೊಲೀಸ್ ಠಾಣೆ ಮುಂದೆ. ಪೊಲೀಸರು ಬೆನ್ನು ಹತ್ತಿದಾಗ ಗಾಡಿಗೆ ಪೇಂಟ್ ಹೊಡೆಯೋ ಗ್ಯಾರೇಜಿಗೆ ನುಗ್ಗಿದರೆ ಬಚಾವ್. ಈ ಮೂರು ಜಾಗ ಎಲ್ಲಿವೆ ಅಂತ ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳ್ತೀನಿ. ನಿಜವಾದ ಊರು ಗೊತ್ತಾಗೋದೂ ಹೀಗೇ ಅಲ್ವಾ? ಪಂಕ್ಚರ್ ಅಂಗಡಿ, ರಾತ್ರಿ ಹನ್ನೊಂದರ ಮೇಲೂ ತೆರೆದಿರೋ ಮೆಡಿಕಲ್ ಶಾಪ್, ಸಾಲ ಕೊಡೋ ಗೂಡಂಗಡಿ. ಅಗತ್ಯ ಬಿದ್ದ ಜಾಗಗಳನ್ನು ಒಂದಕ್ಕೊಂದು ಸೇರಿಸ್ತಾ ಹೋದರೆ ಊರು ತಲೆಯೊಳಗೆ ಕೂರುತ್ತೆ.

2008ರಲ್ಲಿ ಬಂದ ಜಿಟಿಎ 4ರಲ್ಲಿ ಜಿಪಿಎಸ್ ಸೇರ್ಕೊಂಡಿತು. ನ್ಯೂಯಾರ್ಕ್ ಮಾದರಿಯ ಲಿಬರ್ಟಿ ಸಿಟಿ ಎಷ್ಟೋ ಪಟ್ಟು ಸೂಕ್ಷ್ಮವಾಗಿತ್ತು, ಜೀವಂತವಾಗಿತ್ತು. ಆದರೆ ಮೂಲೆಯ ವೃತ್ತದಲ್ಲಿ ಹೋಗಬೇಕಾದ ದಾರಿಯ ಗೆರೆ ಬಂದ ಮೇಲೆ ನನ್ನ ಕಣ್ಣು ಬೀದಿ ಬಿಟ್ಟು ಆ ಗೆರೆ ಮೇಲೇ ನಿಂತಿತು. ಅಷ್ಟು ಗಂಟೆ ಆಡಿದ ಊರಲ್ಲಿ ಈಗ ನನಗೆ ನೆಟ್ಟಗೆ ಗೊತ್ತಿರೋದು ನಾಲ್ಕೇ ರಸ್ತೆ.

ಹಾಫ್-ಲೈಫ್ 2ರ ಸಿಟಿ 17ರಲ್ಲಿ ಮ್ಯಾಪ್ ಅನ್ನೋದೇ ಇಲ್ಲ. 2004ರ ಈ ಗೇಮ್‌ನಲ್ಲಿ ನಾವು ರೈಲಿನಲ್ಲಿ ಬಂದು ಸ್ಟೇಷನ್‌ನಲ್ಲಿ ಇಳೀತೀವಿ. ದೊಡ್ಡ ಪರದೆಯಲ್ಲಿ ಆಡಳಿತಗಾರನ ಸ್ವಾಗತ ಭಾಷಣ. ಸುತ್ತ ಒಂದೇ ತರಹದ ಬಟ್ಟೆ ತೊಟ್ಟ, ದನಿ ತಗ್ಗಿಸಿ ಮಾತಾಡೋ ಜನ. ಮುಖವಾಡದ ಕಾವಲುಗಾರನೊಬ್ಬ ಖಾಲಿ ಡಬ್ಬಿಯನ್ನು ನೆಲಕ್ಕೆ ಬೀಳಿಸಿ, ಎತ್ತಿ ಕಸದ ಬುಟ್ಟಿಗೆ ಹಾಕು ಅಂತಾನೆ. ಹಾಕಿದರೆ ದಾರಿ ಬಿಡ್ತಾನೆ. ಡಬ್ಬಿಯನ್ನು ಅವನ ಮೇಲೇ ಎಸೆದರೆ ಲಾಠಿ ಏಟು. ಈ ಊರನ್ನು ಯಾರು ಆಳ್ತಿದ್ದಾರೆ, ಹೇಗೆ ಆಳ್ತಿದ್ದಾರೆ ಅಂತ ಆ ಒಂದು ಡಬ್ಬಿ ಹೇಳಿಬಿಡುತ್ತೆ. ಇದರ ಕಲಾ ನಿರ್ದೇಶಕ ವಿಕ್ಟರ್ ಆಂಟೊನೊವ್ ಬಲ್ಗೇರಿಯಾದ ಸೋಫಿಯಾದಲ್ಲಿ ಹುಟ್ಟಿದವರು. ಪೂರ್ವ ಯುರೋಪಿನ ಮಂಕಾದ ಹಳೇ ಕಟ್ಟಡಗಳ ನಡುವೆ, ಮುಗಿಲು ಮುಟ್ಟುವ ಕಪ್ಪು ಲೋಹದ ಗೋಪುರ. ಬೀದಿಗೆ ಬಂದು ತಲೆ ಎತ್ತಿದರೆ ಅದೇ ಕಾಣುತ್ತೆ. ದಿಕ್ಕು ತೋರಿಸೋದೂ ಅದೇ, ಹೆದರಿಸೋದೂ ಅದೇ.

ದಾರಿ ಕಲಿತ ಮೇಲೆ ಅದೇ ಊರಿಗೆ ಮತ್ತೆ ಮತ್ತೆ ಬರೋದರ ಸುಖ ಬೇರೆ. ಅದಕ್ಕೆ ಜಪಾನಿನ ಯಾಕುಜಾ ಸರಣಿಯ ಕಾಮುರೊಚೊ ಇದೆ. ಟೋಕಿಯೊದ ಶಿಂಜುಕುವಿನಲ್ಲಿರುವ ಕಬುಕಿಚೊ ಎಂಬ ರಾತ್ರಿಬದುಕಿನ ಬಡಾವಣೆಯನ್ನು ನೋಡಿ ಕಟ್ಟಿದ್ದು. ಈ ತುದಿಯಿಂದ ಆ ತುದಿಗೆ ಕೆಲವೇ ನಿಮಿಷದ ನಡಿಗೆ. 2005ರ ಮೊದಲ ಗೇಮ್‌ನಲ್ಲಿ ನಾಯಕ ಕಿರ್ಯು ಹತ್ತು ವರ್ಷ ಜೈಲಲ್ಲಿದ್ದು ಇದೇ ಬೀದಿಗಳಿಗೆ ವಾಪಸ್ ಬರ್ತಾನೆ. ಹತ್ತು ವರ್ಷದ ನಂತರ ಬಂದ ಯಾಕುಜಾ 0 ನಮ್ಮನ್ನು 1988ಕ್ಕೆ ಕರ್ಕೊಂಡು ಹೋಗುತ್ತೆ. ಜಪಾನಿನಲ್ಲಿ ಜಾಗದ ಬೆಲೆ ಗಗನಕ್ಕೇರಿದ್ದ ಕಾಲ. ಕಟ್ಟಡಗಳ ಹಿಂದೆ ಅಡಗಿರೋ ಒಂದು ಪುಟ್ಟ ಖಾಲಿ ಜಾಗಕ್ಕಾಗಿ ಊರಿನ ರೌಡಿಗಳೆಲ್ಲ ಬಡಿದಾಡ್ತಾರೆ. ಥರ್ಟಿ-ಫಾರ್ಟಿ ಸೈಟಿನ ವ್ಯಾಜ್ಯ ಕಂಡಿರೋ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ಜಾಗದಲ್ಲಿ ಮುಂದೆ ಎಂಥ ಟವರ್ ಎದ್ದು ನಿಲ್ಲುತ್ತೆ ಅಂತ ಮೊದಲ ಗೇಮ್ ಆಡಿದವರಿಗೆ ಗೊತ್ತು. ಅಲ್ಲಿ ನಿಂತಾಗ ಬರೋ ಭಾವನೆ ಯಾವ ಗ್ರಾಫಿಕ್ಸ್ ಕಾರ್ಡಿನಿಂದಲೂ ಬರಲ್ಲ. ಮೆಜೆಸ್ಟಿಕ್ ಕಡೆ ಹೋದಾಗ ಅಪ್ಪ "ಇಲ್ಲೊಂದು ಥಿಯೇಟರ್ ಇತ್ತು" ಅಂತ ನಿಲ್ತಾರಲ್ಲ, ಅದೇ ಭಾವನೆ.

ನಮ್ಮ ನಾಡಿನ ನಂಟು ಇರೋ ಗೇಮೂ ಒಂದಿದೆ. 2017ರ ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ. ಕ್ಲೋಯಿ ಫ್ರೇಜರ್ ಎಂಬಾಕೆ ಪಶ್ಚಿಮ ಘಟ್ಟದಲ್ಲಿ ಹೊಯ್ಸಳರ ಕಾಲದ ಗಣೇಶನ ದಂತ ಹುಡುಕುವ ಕಥೆ. ಹೊಯ್ಸಳ ಅನ್ನೋ ಹೆಸರು ಪ್ಲೇಸ್ಟೇಷನ್‌ನಲ್ಲಿ ಕೇಳಿದಾಗ ಖುಷಿಯಾಗಿದ್ದು ಸುಳ್ಳಲ್ಲ. ಜಲಪಾತ, ಕಾಡು, ಬೆಟ್ಟದಷ್ಟು ಎತ್ತರದ ವಿಗ್ರಹಗಳು, ಎಲ್ಲವೂ ಅದ್ಭುತ. ಆದರೆ ಗೇಮ್‌ನ ಹೊಯ್ಸಳರನ್ನು ಕತ್ತೆತ್ತಿ ನೋಡಬೇಕು, ಹಳೇಬೀಡಿನ ಹೊಯ್ಸಳರನ್ನು ಬಗ್ಗಿ ನೋಡಬೇಕು. ಜಗತಿಯ ಮೇಲೆ ನಿಧಾನಕ್ಕೆ ಸುತ್ತು ಹಾಕ್ತಾ, ಗೋಡೆಯ ಬುಡದ ಆನೆಗಳ ಸಾಲಿನಿಂದ ಶುರುಮಾಡಿ ಒಂದೊಂದೇ ಸಾಲು ಮೇಲೇರಬೇಕು. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳ ಸೊಗಸು ಇರೋದು ಅಂಗುಲ ಅಂಗುಲದ ಕೆತ್ತನೆಯಲ್ಲಿ. ಗೇಮ್ ತೋರಿಸಿದ್ದು ದೃಶ್ಯ. ಅಲ್ಲಿ ನೆಲೆಸಿದ ಜನ ಇಲ್ಲ, ಎರಡನೇ ಸಲ ಹೋಗೋಕೆ ಕಾರಣವೂ ಇಲ್ಲ. ಆಡಿ ಮುಗಿಸಿದೆ, ಮರೆತೆ.

ಸಾಫ್ಟ್‌ವೇರ್ ಬರೆಯೋ ನಮಗೆ ಕಲಿಸೋ ಮೊದಲ ಪಾಠವೇ ಬಳಸುವವರು ಎಲ್ಲೂ ತಡವರಿಸಬಾರದು ಅನ್ನೋದು. ಒಂದು ಕ್ಲಿಕ್ ಕಡಿಮೆ ಮಾಡಿದರೂ ಗೆಲುವು. ಟಿಕೆಟ್ ಬುಕ್ ಮಾಡೋಕೆ, ದುಡ್ಡು ಕಳಿಸೋಕೆ ಅದು ಸರಿ. ಊರಿನ ವಿಷಯದಲ್ಲಿ ಮಾತ್ರ ತಡವರಿಸಿದ ಜಾಗವೇ ನೆನಪಾಗಿ ಉಳಿಯೋದು. ಏಳು ವರ್ಷದಿಂದ ಬೆಂಗಳೂರಿನಲ್ಲಿದ್ದೀನಿ. ಆಫೀಸಿನ ದಾರಿಯಲ್ಲಿ ಮೂರನೇ ಸಿಗ್ನಲ್ ದಾಟಿದ ಮೇಲೆ ಎಡಕ್ಕೆ ಏನಿದೆ ಅಂತ ಕೇಳಿದರೆ, ಫೋನಿನ ನೀಲಿ ಗೆರೆ ಅಲ್ಲಿ ನೇರಕ್ಕೆ ಹೋಗುತ್ತೆ ಅಂತಷ್ಟೇ ಹೇಳಬಲ್ಲೆ. ಬಾಡಿಗೆ ಕಟ್ಟಿಕೊಂಡು ಬದುಕ್ತಿರೋ ಊರಿಗಿಂತ, ಇಲ್ಲದ ಊರೊಂದು ನನಗೆ ಹೆಚ್ಚು ಗೊತ್ತು.

ಬೆಂಗಳೂರನ್ನು ಯಾರಾದರೂ ಗೇಮ್ ಮಾಡಿದರೆ ವಿಧಾನಸೌಧವನ್ನು ಎಷ್ಟು ಚೆಂದ ಕಟ್ಟಿದ್ದಾರೆ ಅಂತ ನಾನು ನೋಡಲ್ಲ. ಎಂಟನೇ ಮೇನ್ ಆದಮೇಲೆ ಒಂಬತ್ತು ಬರದೆ ಎಂಟು ಎ, ಎಂಟು ಬಿ ಬರ್ತಾವಾ, ದರ್ಶಿನಿಯಲ್ಲಿ ಕಾಫಿ ಲೋಟ ಇಡೋಕೆ ಜಾಗ ಹುಡುಕಬೇಕಾ, ಅದನ್ನು ನೋಡ್ತೀನಿ. ಮೊದಲ ಒಂದು ಗಂಟೆ ಮ್ಯಾಪ್ ಕೊಡಬೇಡಿ. ಬಸ್ ಸ್ಟಾಪಲ್ಲಿ ಇಳಿಸಿ, ಕೈಗೊಂದು ಚೀಟಿ ಕೊಡಿ: "ಗಣೇಶನ ಗುಡಿ ಪಕ್ಕದ ರಸ್ತೆ." ಯಾವ ಗಣೇಶನ ಗುಡಿ ಅಂತ ಆಡುವವರೇ ನಾಲ್ಕು ಜನರನ್ನು ಕೇಳಿ ಹುಡುಕಿಕೊಳ್ಳಲಿ.