ಗೌರಿ ಎದ್ದು ಬಂದ ದಿನ

ಊರಿನ ಮನೆಯಲ್ಲಿ ಬಚ್ಚಲ ಒಲೆಯ ಮುಂದೆ ಚಳಿ ಕಾಯಿಸುತ್ತ ಕೂತರೆ ಮಕ್ಕಳು ಗೌರಿಯ ಕಥೆ ಹೇಳು ಅನ್ನುತ್ತವೆ. ಅವಕ್ಕೆ ಬೇಕಾದ್ದು ಅವಳು ಎದ್ದು ಬಂದ ಕಥೆಯೇ.

ಗೌರಿ ಬೆಲ್ಲದ ಬಣ್ಣದ ಲ್ಯಾಬ್ರಡಾರ್. ಅವಳಿಗೆ ಮೂರು ತುಂಬಿದ ವರ್ಷದ ಡಿಸೆಂಬರಿನಲ್ಲಿ ಒಂದು ಭಾನುವಾರ ಬೆಂಗಳೂರಿನಲ್ಲಿ ಒಬಿಡಿಯನ್ಸ್ ಸ್ಪರ್ಧೆ, ಅಂದರೆ ನಾಯಿಗಳು ಹೇಳಿದ ಮಾತು ಕೇಳುವ ಸ್ಪರ್ಧೆ ಇತ್ತು. ಮನೆಯಲ್ಲಿ, ತಾರಸಿಯ ಮೇಲೆ, ಕಬ್ಬನ್ ಪಾರ್ಕಿನ ಗದ್ದಲದಲ್ಲಿ, ಎಲ್ಲೇ ಆಗಲಿ 'ಇರು' ಅಂದರೆ ಇದ್ದಲ್ಲೇ ಇರುವ ಹುಡುಗಿ ಅವಳು. ನನಗೆ ಅನುಮಾನವೇ ಇರಲಿಲ್ಲ.

ಆದರೂ ಬೆಳಗಿನಿಂದ ನನ್ನ ಬಾಯಿ ಒಣಗಿತ್ತು. ಉಪ್ಪಿಟ್ಟು ಗಂಟಲಲ್ಲಿ ಇಳಿಯಲಿಲ್ಲ, ಎರಡು ಲೋಟ ಕಾಫಿ ಮಾತ್ರ ಇಳಿಯಿತು. ಹಗ್ಗ ಕಟ್ಟಿದ ಕಣದ ಹೊರಗೆ ಕಾಯುವಾಗ ನಮ್ಮ ಮುಂದಿನ ಜರ್ಮನ್ ಶೆಫರ್ಡ್ ಯಜಮಾನನ ಮೊಣಕಾಲಿಗೆ ಅಂಟಿಕೊಂಡಂತೆ ತಿರುಗುತ್ತಿತ್ತು. ನನ್ನ ಅಂಗೈ ಬೆವರಿಗೆ ಬಾರು ಒದ್ದೆಯಾಯಿತು. ಗೌರಿ ನನ್ನ ಮುಖ ನೋಡಿದಳು, ಆಕಳಿಸಿದಳು, ತುಟಿ ನೆಕ್ಕಿಕೊಂಡಳು. ಬೇಸರ ಬಂದಿದೆ ಅಂದುಕೊಂಡೆ. ನಾಯಿ ಹೀಗೆ ಮಾಡುವುದು ತಳಮಳಕ್ಕೂ ಹೌದು ಅಂತ ಆಗ ತಿಳಿದಿರಲಿಲ್ಲ.

ಕೂತು ಕಾಯುವ ಸರದಿ ಬಂತು. 'ಇರು' ಅಂದೆ. ದನಿ ಸಣ್ಣಗೆ, ಚೂಪಾಗಿ, ಯಾರದೋ ದನಿಯ ಹಾಗೆ ಹೊರಬಂತು. ದೂರ ಹೋಗಿ ತಿರುಗಿ ನಿಂತೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದ ಗೌರಿ ಎದ್ದು, ಬಾಲ ತಗ್ಗಿಸಿ ನಿಧಾನಕ್ಕೆ ನಡೆದು ಬಂದು, ನನ್ನ ಮೊಣಕಾಲಿಗೆ ತಲೆ ಒತ್ತಿ ನಿಂತಳು. ಆ ಸುತ್ತಿಗೆ ಸೊನ್ನೆ.

ಮನೆಗೆ ಬರುವ ದಾರಿಯುದ್ದಕ್ಕೂ ನಾನು ಅವಳ ಜೊತೆ ಒಂದು ಮಾತೂ ಆಡಲಿಲ್ಲ. ಸೊನ್ನೆ ಮರೆತಿದೆ, ಆ ಮೌನ ಮರೆತಿಲ್ಲ.

ನಮಗೆ ಹೇಳಿಕೊಡುತ್ತಿದ್ದವರು ಪೊಲೀಸ್ ಶ್ವಾನದಳದಿಂದ ನಿವೃತ್ತರಾದವರು. ನಮ್ಮ ಮನೆಯವರು ಮೊಬೈಲಿನಲ್ಲಿ ತೆಗೆದಿದ್ದ ಸ್ಪರ್ಧೆಯ ವಿಡಿಯೊವನ್ನು ಅವರಿಗೆ ತೋರಿಸಿದೆ. ಅವರ ಕಣ್ಣು ನಾಯಿಯ ಕಡೆ ಹೋಗಲೇ ಇಲ್ಲ.

"ಮೇಡಂ, ಇಲ್ಲಿ ನೋಡಿ, ನೀವು ಉಸಿರೇ ಬಿಡ್ತಾ ಇಲ್ಲ. ಅವಳು ತಪ್ಪು ಮಾಡಿಲ್ಲ. ನಿಮಗೆ ಏನೋ ಆಗಿದೆ ಅಂತ ನೋಡೋಕೆ ಬಂದಿದ್ದಾಳೆ."

ಆಮೇಲೆ ತರಬೇತಿ ನಡೆದದ್ದು ನನಗೆ. ಮೂರು ಮಹಡಿ ಮೆಟ್ಟಿಲು ಓಡಿ ಹತ್ತಿಳಿದು, ಎದೆ ಹೊಡೆದುಕೊಳ್ಳುತ್ತಿರುವಾಗಲೇ ಮಾಮೂಲಿ ದನಿಯಲ್ಲಿ 'ಇರು' ಅನ್ನಬೇಕು. ಪಕ್ಕದ ಮನೆಯವರು ಕಾಗದ ಪೆನ್ನು ಹಿಡಿದು ತೀರ್ಪುಗಾರರ ಹಾಗೆ ಸುತ್ತ ನಿಲ್ಲಬೇಕು. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆದು, ಆರು ಎಣಿಸುವಷ್ಟು ಹೊತ್ತು ಬಿಡಬೇಕು. ಕಣದೊಳಗೆ ತೀರ್ಪುಗಾರರ ಪೆನ್ನಿನ ಕಡೆ ನೋಡಕೂಡದು, ಗೌರಿಯ ಎಡಗಿವಿಯ ತುದಿ ನೋಡಬೇಕು. ಅಂಕದ ಲೆಕ್ಕ ಬಿಟ್ಟು ಆ ದಿನಕ್ಕೆ ಒಂದೇ ಒಂದು ಕೆಲಸ ಇಟ್ಟುಕೊಳ್ಳಬೇಕು. ನಾನು ಇಟ್ಟುಕೊಂಡದ್ದು 'ಇರು' ಎಂಬ ಎರಡಕ್ಷರವನ್ನು ನಿಧಾನವಾಗಿ ಹೇಳುವ ಕೆಲಸ.

ನಮ್ಮ ತರಬೇತುದಾರರು ಅನುಭವದಿಂದ ಕಂಡುಕೊಂಡದ್ದನ್ನು ಆಮೇಲೆ ವಿಜ್ಞಾನಿಗಳೂ ಅಳೆದು ನೋಡಿದರು. 2019ರಲ್ಲಿ ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದವರು 58 ನಾಯಿಗಳ ರೋಮವನ್ನೂ ಅವುಗಳ ಒಡತಿಯರ ಕೂದಲನ್ನೂ ಪರೀಕ್ಷಿಸಿದಾಗ, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಬ್ಬರಲ್ಲೂ ಜೊತೆಜೊತೆಗೇ ಏರಿಳಿದಿತ್ತು. ಸ್ಪರ್ಧೆಗೆ ಹೋಗುವ ನಾಯಿಗಳಲ್ಲಿ ಈ ನಂಟು ಇನ್ನೂ ಗಟ್ಟಿ. 2022ರಲ್ಲಿ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ನಾಲ್ಕು ನಾಯಿಗಳು, ಮನುಷ್ಯರು ಒತ್ತಡಕ್ಕೆ ಸಿಕ್ಕ ಹೊತ್ತಿನ ಬೆವರು ಮತ್ತು ಉಸಿರಿನ ವಾಸನೆಯನ್ನು ಶೇಕಡಾ 90ಕ್ಕಿಂತ ಹೆಚ್ಚು ಸಲ ಸರಿಯಾಗಿ ಗುರುತಿಸಿದವು. ನನ್ನ ಒದ್ದೆ ಬಾರು ಗೌರಿಗೆ ಎಷ್ಟು ಹೇಳಿರಬೇಕು!

ಸೊನ್ನೆ ಬಂದ ಮರುವರ್ಷ ಮತ್ತೆ ಸ್ಪರ್ಧೆಗೆ ಹೋದೆವು. ಎದೆ ಆಗಲೂ ಹೊಡೆದುಕೊಳ್ಳುತ್ತಿತ್ತು, ಆ ಬಡಿತ ಪೂರ್ತಿ ಹೋಗುವುದಿಲ್ಲ. ಉಸಿರು ಬಿಟ್ಟು 'ಇರು' ಅಂದೆ. ನಡುವೆ ಅವಳ ಮುಂಗಾಲು ಒಮ್ಮೆ ಅಲುಗಿತು. ನಾನು ಆರು ಎಣಿಸುತ್ತ ಉಸಿರು ಬಿಟ್ಟೆ, ಕಾಲು ಮತ್ತೆ ನೆಲ ಕಂಡಿತು. ಪೂರ್ತಿ ಒಂದು ನಿಮಿಷ ಕೂತಳು. ಪದಕ ಬರಲಿಲ್ಲ, ಪಕ್ಕ ನಡೆಯುವ ಸುತ್ತಿನಲ್ಲಿ ನಾನು ಒಂದು ತಿರುವು ತಪ್ಪಿದ್ದೆ. ಗೌರಿಯ ಕಡೆಯಿಂದ ಒಂದು ತಪ್ಪೂ ಇರಲಿಲ್ಲ. ಅದನ್ನು ದಾರಿಯುದ್ದಕ್ಕೂ ಅವಳಿಗೆ ಹೇಳುತ್ತಲೇ ಬಂದೆ.

ನಿಮ್ಮಲ್ಲಿ ಯಾರಾದರೂ ನಾಯಿ ಜೊತೆ ಕಣಕ್ಕೆ ಇಳಿಯುವವರಿದ್ದರೆ, ಬೆಳಿಗ್ಗೆ ಎರಡು ಇಡ್ಲಿಯಾದರೂ ತಿಂದು ಹೊರಡಿ. ವಾಪಸ್ ಬರುವಾಗ, ಅಲ್ಲಿ ಏನೇ ಆಗಿರಲಿ, ಅದರ ಜೊತೆ ಮಾತಾಡಿಕೊಂಡು ಬನ್ನಿ.