ಕರೆಂಟ್ ಗಾಡಿಗೆ ನಮ್ಮೂರ ಏರಿನ ಪರೀಕ್ಷೆ

ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ನಾವು ಏನೆಲ್ಲ ಪರೀಕ್ಷೆ ಮಾಡುತ್ತೇವೆ! ತೊಟ್ಟು ನೋಡುತ್ತೇವೆ, ಅಮುಕಿ ನೋಡುತ್ತೇವೆ, ಹುಳುಕಿದೆಯೇ ಎಂದು ತಿರುಗಿಸಿ ನೋಡುತ್ತೇವೆ. ಸೀರೆಯಾದರೆ ಅಂಗಡಿಯ ದೀಪಕ್ಕೆ ಮರುಳಾಗದೆ ಬಾಗಿಲಾಚೆ ಬಿಸಿಲಿಗೆ ಹಿಡಿದು ಬಣ್ಣ ನೋಡುತ್ತೇವೆ. ಆದರೆ ಲಕ್ಷ ರೂಪಾಯಿಯ ಗಾಡಿ ಕೊಳ್ಳಲು ಹೋದಾಗ ಮಾತ್ರ ಗಂಡಸರ ಹಿಂದೆ ನಿಂತು, “ಈ ನೀಲಿ ಬಣ್ಣ ಚೆನ್ನಾಗಿದೆ” ಎಂದಷ್ಟೇ ಹೇಳಿ ಬರುತ್ತೇವೆ. ನಿಜ ತಾನೆ? ನಾನೂ ಹಾಗೇ ಮಾಡುವವಳಿದ್ದೆ. ತಡೆದದ್ದು ನಮ್ಮೂರ ಏರು.

ನಮ್ಮದು ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಮಗ್ಗುಲ ಹಳ್ಳಿ. ಕೆಂಪೇಗೌಡರ ಕೋಟೆ ನೋಡಲೆಂದು ರಜೆಯ ದಿನ ಬೆಂಗಳೂರಿನ ಹುಡುಗ ಹುಡುಗಿಯರು ಹತ್ತುತ್ತಾರಲ್ಲ, ಆ ಬೆಟ್ಟದ ಬುಡ. ಮನೆಕೆಲಸ ಮುಗಿಸಿ ನಾನು ಸೀರೆಗೆ ಕುಚ್ಚು ಕಟ್ಟುತ್ತೇನೆ. ಸೀರೆ ಕೊಡುವ ಅಂಗಡಿ ಇರುವುದು ಕುಣಿಗಲ್‌ನಲ್ಲಿ. ಹೋಗಿ ಬರಲು ಹತ್ತಿರ ಹತ್ತಿರ 35 ಕಿಲೋಮೀಟರು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಅದರಿಂದ ನನಗೆ ಎಷ್ಟೋ ಅನುಕೂಲವಾಗಿದೆ, ಇಲ್ಲವೆನ್ನಲಾರೆ. ಆದರೆ ಟಿಕೆಟ್ಟು ಪುಕ್ಕಟೆಯಾದರೆ ಸಾಕೆ? ನಮಗೆ ಬೇಕಾದ ಹೊತ್ತಿಗೆ ಬಸ್ಸೂ ಬರಬೇಕಲ್ಲ!

ಹೋದ ಮದುವೆ ಕಾಲದಲ್ಲಿ ಒಂದು ಸಂಜೆ ಬಸ್ಸು ತಪ್ಪಿತು. ಕುಚ್ಚು ಕಟ್ಟಿ ಮಡಿಸಿಟ್ಟ ನಾಲ್ಕು ಸೀರೆ ಚೀಲದಲ್ಲೇ ಉಳಿದವು. ಮಾರನೇ ದಿನ ಅಂಗಡಿಯವರು ಮುಖ ಕೊಟ್ಟು ಮಾತಾಡಲಿಲ್ಲ. “ನೋಡಮ್ಮ, ಸಂಜೆಗೆ ಬೇಕು ಅಂದ್ರೆ ಸಂಜೆಗೇ ಬೇಕು. ನಿಮ್ಗೆ ಆಗ್ಲಿಲ್ಲ ಅಂದ್ರೆ ಟೌನಲ್ಲೇ ಯಾರಿಗಾದ್ರೂ ಕೊಡ್ತೀನಿ” ಎಂದರು. ಹನ್ನೊಂದು ವರ್ಷದ ಕೆಲಸ ಒಂದು ಬಸ್ಸಿಗೆ ಸಿಕ್ಕಿಹಾಕಿಕೊಂಡಿತ್ತು.

ಅದೇ ಸಮಯಕ್ಕೆ ನನ್ನ ಚೀಟಿ ಎದ್ದಿತು. ಕೈಗೆ ಬಂದದ್ದು 80 ಸಾವಿರ. ಬ್ಯಾಟರಿ ಗಾಡಿ ತೆಗೆಯೋಣ ಎಂದೆ. ನಮ್ಮವರು, “ನಿನ್ನ ಕುಚ್ಚಿನ ಕೆಲಸಕ್ಕೆ ಅಷ್ಟು ದೊಡ್ಡ ಗಾಡಿ ಯಾಕೆ? 58 ಸಾವಿರಕ್ಕೆ ಒಂದು ಸಿಗುತ್ತೆ. ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ” ಎಂದರು. ನನಗೂ ಸರಿಯೆನ್ನಿಸಿತು. ಉಳಿದ ದುಡ್ಡಿಗೆ ಮನೆಯ ಹಿಂದಿನ ಶೀಟು ಬದಲಾಯಿಸಬಹುದಿತ್ತು.

ಅಂಗಡಿಗೆ ಹೋದೆವು. ಗಾಡಿ ಓಡಿಸುವವಳು ನಾನು. ಹುಡುಗ ವಿವರಿಸಿದ್ದೆಲ್ಲ ನಮ್ಮವರಿಗೆ. ಅಂಗಡಿ ಮುಂದಿನ ಸಿಮೆಂಟು ರಸ್ತೆಯಲ್ಲಿ ಎರಡು ಸುತ್ತು ಹಾಕಿಸಿದ. ಬೆಣ್ಣೆಯ ಮೇಲೆ ಕೂತಂತಿತ್ತು. ದುಡ್ಡು ಎಣಿಸುವ ಹೊತ್ತಿಗೆ ನನಗೆ ಬದನೆಕಾಯಿ ನೆನಪಾಯಿತು. “ನಮ್ಮೂರಿಗೆ ತನ್ನಿಯಪ್ಪ, ಅಲ್ಲಿ ಓಡಿಸಿ ನೋಡಿ ಹೇಳ್ತೀನಿ” ಎಂದೆ. ಹುಡುಗ ನಕ್ಕ. ಆದರೂ ಭಾನುವಾರ ಗೂಡ್ಸ್ ಆಟೋದಲ್ಲಿ ತಂದ.

ನಮ್ಮತ್ತೆಯನ್ನು ಹಿಂದೆ ಕೂರಿಸಿಕೊಂಡೆ. ಅವರು ಮಂಡಿನೋವಿಗೆ ತಿಂಗಳಿಗೊಮ್ಮೆ ಕುಣಿಗಲ್‌ಗೆ ಹೋಗಬೇಕು. ಆ ದಿನವೂ ಗಾಡಿ ನಡೆಯಬೇಕಲ್ಲ. ಸಮ ರಸ್ತೆಯಲ್ಲಿ ಸರಾಗವಾಗಿ ಹೋಯಿತು. ಏರು ಶುರುವಾಯಿತು ನೋಡಿ, ವೇಗ ಇಳಿಯಿತು, ಇನ್ನೂ ಇಳಿಯಿತು, ಮುಕ್ಕಾಲು ಏರಿಗೆ ನಿಂತೇಹೋಯಿತು. ನಮ್ಮತ್ತೆ ಮೆಲ್ಲಗೆ ಇಳಿದು, “ನಾನೇ ನಡ್ಕೊಂಡ್ ಬತ್ತೀನಿ ಬುಡವ್ವ, ಪಾಪ, ಅದ್ಕೂ ಸುಸ್ತಾಗೈತೆ” ಎಂದರು. ಅಂಗಡಿಯ ಹುಡುಗನೂ ನಕ್ಕುಬಿಟ್ಟ.

ತಪ್ಪು ಗಾಡಿಯದಲ್ಲ. ಲೈಸೆನ್ಸು, ರಿಜಿಸ್ಟ್ರೇಷನ್ನು ಬೇಡವೆನ್ನಬೇಕಾದರೆ ಕಾನೂನಿನ ಪ್ರಕಾರ ಮೋಟಾರು 250 ವ್ಯಾಟಿನೊಳಗೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋದೊಳಗೆ ಇರಬೇಕು. ನಮ್ಮ ಮಿಕ್ಸಿಯ ಮೋಟಾರೇ ಸಾಮಾನ್ಯವಾಗಿ 500 ವ್ಯಾಟು ಇರುತ್ತದೆ. ಅದರ ಅರ್ಧ ಶಕ್ತಿಯಲ್ಲಿ ಇಬ್ಬರನ್ನು ಹೊತ್ತು ಏರು ಹತ್ತು ಎಂದರೆ ಅದಾದರೂ ಏನು ಮಾಡೀತು? ಊರೊಳಗೆ ಸಮ ರಸ್ತೆಯಲ್ಲಿ ಒಬ್ಬರೇ ತರಕಾರಿಗೆ ಹೋಗಿಬರಲು ಅದು ಸಾಕು. ನನಗೆ ಸಾಲದು. ಅದರಲ್ಲಿದ್ದುದು ಲೆಡ್ ಆಸಿಡ್ ಬ್ಯಾಟರಿ, ನಮ್ಮ ಯು.ಪಿ.ಎಸ್.ಗೆ ಹಾಕುವ ಜಾತಿಯದು. ಬೆಲೆ ಕಡಿಮೆ, ಭಾರ ಹೆಚ್ಚು, ಆಯುಸ್ಸೂ ಕಡಿಮೆ. ಲಿಥಿಯಂ ಬ್ಯಾಟರಿ ದುಬಾರಿಯಾದರೂ ಹಗುರ, ಹೆಚ್ಚು ವರ್ಷ ಬಾಳುತ್ತದೆ.

ಮುಂದಿನ ವಾರ ಬೇರೆ ಅಂಗಡಿಯಲ್ಲಿ ಲಿಥಿಯಂ ಬ್ಯಾಟರಿಯ, ನಂಬರ್ ಪ್ಲೇಟ್ ಇರುವ ಗಾಡಿ ನೋಡಿದೆವು. ಟಿ.ವಿ.ಎಸ್. ಮೊಪೆಡ್ ಓಡಿಸಲೆಂದು ಮಾಡಿಸಿದ್ದ ಲೈಸೆನ್ಸು ನನ್ನ ಬಳಿ ಇತ್ತು. ಅದು ಈ ಗಾಡಿಗೆ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಂಡೆ. ಕಾಗದದಲ್ಲಿ, ಒಂದು ಸಲ ಚಾರ್ಜ್ ಮಾಡಿದರೆ 94 ಕಿಲೋಮೀಟರು ಎಂದಿತ್ತು. ಈ ಸಲ ಅಂಗಡಿಯಿಂದಲೇ ಊರಿಗೆ ಓಡಿಸಿಕೊಂಡು ಬಂದು, ಅತ್ತೆಯನ್ನು ಹತ್ತಿಸಿಕೊಂಡು ಏರು ದಾಟಿ ವಾಪಸ್ಸು ಹೋದೆ. ಏರು ಹತ್ತಿತು. ಆದರೆ ಓಡಿದ್ದು 35 ಕಿಲೋಮೀಟರು, ಮೀಟರಿನಲ್ಲಿ ಖರ್ಚಾದದ್ದು ಅರ್ಧಕ್ಕಿಂತ ಹೆಚ್ಚು! ಕಾಗದದ 94 ನಮ್ಮ ರಸ್ತೆಯಲ್ಲಿ 65 ಬಂದರೆ ಪುಣ್ಯ. ಪರೀಕ್ಷಾ ಕೇಂದ್ರದಲ್ಲಿ ಹಿಂದೆ ಅತ್ತೆ ಕೂತಿರುವುದಿಲ್ಲ, ಕಾಲ ಬಳಿ ರಾಗಿ ಹಿಟ್ಟಿನ ಚೀಲವೂ ಇರುವುದಿಲ್ಲ. ಆದ್ದರಿಂದ ಕಾಗದದ ಅಂಕಿಯಲ್ಲಿ ಮೂರನೇ ಒಂದು ಭಾಗ ಕಳೆದು ಲೆಕ್ಕ ಹಾಕಿ. ಬ್ಯಾಟರಿ ಹಳೆಯದಾದಂತೆ ಇನ್ನೂ ಸ್ವಲ್ಪ ಕರಗುತ್ತದೆ. ನನಗೆ ಬೇಕಾದದ್ದು 35. ಹಾಗಾಗಿ 65 ಧಾರಾಳವಾಯಿತು. ನಮ್ಮವರು ಆಸೆಪಟ್ಟ ದೊಡ್ಡ ಬ್ಯಾಟರಿ, ಟೀವಿಯಂಥ ಪರದೆ ಎರಡನ್ನೂ ಕೈಬಿಟ್ಟದ್ದರಿಂದ ಬೆಲೆ 30 ಸಾವಿರ ಇಳಿಯಿತು.

ಇನ್ನು ಖರ್ಚಿನ ಮಾತು. ಎಲ್ಲರೂ ಪೆಟ್ರೋಲ್ ಉಳಿತಾಯದ ಲೆಕ್ಕ ಹೇಳುತ್ತಾರೆ. ಬಸ್ಸಿನಲ್ಲಿ ಪುಕ್ಕಟೆ ಹೋಗುವ ನನಗೆ ಉಳಿಯುವ ಪೆಟ್ರೋಲ್ ಎಲ್ಲಿಂದ ಬಂತು? ನನ್ನ ಲೆಕ್ಕ ಬೇರೆ. ವಾರಕ್ಕೆ ಮೂರು ಸಲ ಹೋಗಿಬಂದರೆ ತಿಂಗಳಿಗೆ ಸುಮಾರು 450 ಕಿಲೋಮೀಟರು, 15-16 ಯೂನಿಟ್ ಕರೆಂಟು. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 112 ರೂಪಾಯಿ ದಾಟದು. ಕೆಲಸ ಕೈತಪ್ಪದಿದ್ದರೆ ಒಂದು ಸೀರೆಯ ಕುಚ್ಚಿನಲ್ಲೇ ಅದು ಹುಟ್ಟುತ್ತದೆ.

ಇಲ್ಲೊಂದು ಎಚ್ಚರಿಕೆ. ಗೃಹಜ್ಯೋತಿ ಎಂದರೆ ಎಲ್ಲ ಮನೆಗೂ 200 ಯೂನಿಟ್ ಪುಕ್ಕಟೆ ಎಂದು ತಿಳಿಯಬೇಡಿ. 2022-23ರಲ್ಲಿ ನಿಮ್ಮ ಮನೆ ಬಳಸಿದ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ನಿಮ್ಮ ಮಿತಿ ಗೊತ್ತುಮಾಡಿರುತ್ತಾರೆ. ಅದು ಮೀರಿದರೆ ಮೀರಿದಷ್ಟಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು. ಗಾಡಿ ನೋಡುವ ಮೊದಲು ಹಳೆಯ ಬಿಲ್ಲು ತೆಗೆದು ನೋಡಿ.

ಬೆಂಕಿಯ ಭಯ ನಿಮಗೂ ಇರಬಹುದು. 2022ರಲ್ಲಿ ದೇಶದಲ್ಲಿ ಕೆಲವು ಗಾಡಿಗಳು ಹೊತ್ತಿಕೊಂಡ ಮೇಲೆ, ಆ ವರ್ಷದ ಡಿಸೆಂಬರಿನಿಂದ ಬ್ಯಾಟರಿಯ ಪರೀಕ್ಷೆ ಬಿಗಿಯಾಯಿತು. ಅದಕ್ಕೂ ಮುಂಚಿನ ಹಳೆ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಆತುರಪಡಬೇಡಿ. ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕದೆ ತಣಿಯಲು ಬಿಡಿ. ಮಲಗುವ ಕೋಣೆಯಲ್ಲಿ, ಹೊರಗೆ ಹೋಗುವ ದಾರಿಗೆ ಅಡ್ಡವಾಗಿ ಚಾರ್ಜ್ ಮಾಡಬೇಡಿ. ಪ್ಲಗ್ಗಿಗೆ ಅರ್ಥಿಂಗ್ ಸರಿಯಿದೆಯೇ ಎಂದು ಲೈನ್‌ಮನ್ ಹತ್ತಿರವಾದರೂ ಕೇಳಿಕೊಳ್ಳಿ. ಇನ್ನೊಂದು ಮಾತು: ಈ ಗಾಡಿ ಆನ್ ಆಗಿದ್ದರೂ ಸದ್ದೇ ಇಲ್ಲ. ಮಗು ಆಟಕ್ಕೆ ಹ್ಯಾಂಡಲ್ ತಿರುವಿದರೂ ಮುನ್ನುಗ್ಗುತ್ತದೆ. ಇಳಿದ ತಕ್ಷಣ ಆಫ್ ಮಾಡಿ ಕೀ ತೆಗೆಯುವ ಅಭ್ಯಾಸ ಮಾಡಿಕೊಳ್ಳಿ.

ಸೀರೆಯುಟ್ಟೇ ಓಡಿಸಿ ನೋಡಿ. ಎರಡೂ ಕಾಲು ನೆಲಕ್ಕೆ ಎಟುಕಬೇಕು, ಸೆರಗು ಚಕ್ರಕ್ಕೆ ಸಿಗಬಾರದು. ರಾಗಿ ಒಕ್ಕಣೆ ಕಾಲದಲ್ಲಿ ರಸ್ತೆಯಲ್ಲೇ ಹುಲ್ಲು ಹರಡಿರುತ್ತಾರೆ. ಅದರ ಮೇಲೆ ನಿಧಾನವಾಗಿ ಬ್ರೇಕು ಹಿಡಿದರೆ ಜಾರುತ್ತದೆಯೇ ನೋಡಿ. ಬ್ಯಾಟರಿಗೆ ಎಷ್ಟು ವರ್ಷದ ವಾರಂಟಿ, ಕೆಟ್ಟರೆ ರಿಪೇರಿ ಮಾಡುವವರು ಎಷ್ಟು ದೂರ, ವಿಮೆ ಸೇರಿ ಕೈಗೆ ಬರುವ ಬೆಲೆಯೆಷ್ಟು, ಇವನ್ನೆಲ್ಲ ಬರೆಸಿಕೊಳ್ಳಿ. ನಾಚಿಕೆ ಬೇಡ. ದುಡ್ಡು ನಮ್ಮದು.

ಕೊನೆಗೆ ಗಾಡಿ 1 ಲಕ್ಷದ 4 ಸಾವಿರಕ್ಕೆ ಬಿತ್ತು. ಚೀಟಿಯ 80 ಸಾವಿರದ ಮೇಲಿನದನ್ನು ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿದೆ. ಸಹಿ ಮಾಡುವಾಗ ಹುಡುಗ ಪೆನ್ನನ್ನು ನಮ್ಮವರ ಕೈಗೆ ಕೊಟ್ಟ. ಅವರು ಅದನ್ನು ನನ್ನ ಕಡೆ ಚಾಚಿ, “ಗಾಡಿ ಅವಳದ್ದು ಕಣಪ್ಪ” ಎಂದರು.

ಮೊನ್ನೆ ಸಂಜೆ ಆರೂವರೆಗೆ ಅಂಗಡಿಯಿಂದ ಫೋನು ಬಂತು, ಎರಡು ಸೀರೆ ಆಗಲೇ ಬೇಕಂತೆ. ಒಲೆಯ ಮೇಲಿದ್ದ ಸಾರು ಇಳಿಸಿ, ಹೆಲ್ಮೆಟ್ ಹಾಕಿಕೊಂಡು ಹೊರಟೆ. ಜಗಲಿಯ ಮೇಲೆ ಕೂತಿದ್ದ ಅತ್ತೆ, “ಬಸ್ಸಿಲ್ವಲ್ಲವ್ವ ಈವತ್ನಾಗ” ಎಂದರು. ಮರುಗಳಿಗೆ ಅವರಿಗೇ ನೆನಪಾಗಿ ನಕ್ಕರು.